ಮಲಗಿದವರನ್ನು ಸಿಸ್ಟರ್ ಯಾಕೆ ಎಬ್ಬಿಸ್ತಾರೆ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಹೊಟ್ಟೆಯ ಆಪರೇಷನ್ ಆದ ರಾತ್ರಿ ಬೆರಳಿನ ಕ್ಲಿಪ್ 98 ತೋರಿಸುತ್ತಿತ್ತು. ಆದರೂ ಸಿಸ್ಟರ್ ಗಂಟೆಗೊಮ್ಮೆ ಬಂದು ಎಬ್ಬಿಸಿ ಮಾತಾಡಿಸುತ್ತಿದ್ದರು. ಮಷಿನ್ ಇರುವಾಗ ಇದೆಲ್ಲ ಬೇಕಾ?

ಉತ್ತರ: ಬೇಕು. ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಆ 98 ರಕ್ತದಲ್ಲಿರುವ ಆಕ್ಸಿಜನ್ ಲೆಕ್ಕ, ಅಷ್ಟೇ. ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರೆ, ಉಸಿರು ನಿಮಿಷಕ್ಕೆ ಏಳೆಂಟಕ್ಕೆ ಇಳಿದರೂ ಅಂಕಿ ತುಂಬಾ ಹೊತ್ತು ಚೆನ್ನಾಗಿಯೇ ಕಾಣಬಹುದು. ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಿರುತ್ತದೆ. ನೋವಿಗೆ ಮಾರ್ಫಿನ್ ಥರದ ಇಂಜೆಕ್ಷನ್ ಕೊಟ್ಟಾಗ ನಮಗಿರುವ ಭಯ ಇದೇ. ಸಾಮಾನ್ಯವಾಗಿ ಮೊದಲು ಮಂಪರು, ಆಮೇಲೆ ಉಸಿರು ನಿಧಾನ. ನಿದ್ದೆಯೋ ಮಂಪರೋ ತಿಳಿಯಬೇಕಾದರೆ ಮಾತಾಡಿಸಲೇಬೇಕಲ್ವಾ?

ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದ ಹೊಸದು. "ಪಾಪ, ಎರಡು ದಿನದ ಮೇಲೆ ಗೊರಕೆ ಹೊಡೀತಿದ್ದಾರೆ, ಎಬ್ಬಿಸಬೇಡಿ ಸಿಸ್ಟರ್" ಅಂದರು ಒಬ್ಬರ ಮನೆಯವರು. ನಾನೂ ಸುಮ್ನೆ ವಾಪಸ್ ಬಂದೆ. ಇನ್‌ಚಾರ್ಜ್ ಸಿಸ್ಟರ್ ಹೋಗಿ ಉಸಿರು ಎಣಿಸಿದರು. ನಿಮಿಷಕ್ಕೆ 6. ಆ ರೋಗಿ ಉಳಿದುಕೊಂಡರು, ನನ್ನ ಪುಣ್ಯ. ಈಗಲೂ ವಾರ್ಡಿನಲ್ಲಿ ಗೊರಕೆ ಕೇಳಿದರೆ ಕಾಲು ತಾನಾಗಿ ಆ ಮಂಚದ ಕಡೆ ಹೋಗುತ್ತದೆ.

ನಮ್ಮ ಸಿಸ್ಟರ್‌ಗಳಿಗೂ ಒಂದು ಮಾತು. ಎಲ್ಲರ ಚಾರ್ಟಿನಲ್ಲೂ ಕಣ್ಣುಮುಚ್ಚಿ "ಉಸಿರು 20" ಅಂತ ಗೀಚುವವರೇ, ಅದು ಸುಳ್ಳು ಸಾಕ್ಷಿ. ಪೂರ್ತಿ ಒಂದು ನಿಮಿಷ ಎಣಿಸಿ. ನಾಡಿ ಹಿಡಿದ ಹಾಗೆ ಕೈ ಹಿಡಿದು ಎದೆ ನೋಡಿ. ಹೇಳಿ ಎಣಿಸಿದರೆ ಉಸಿರಿನ ಲಯವೇ ಬದಲಾಗುತ್ತದೆ. ದೊಡ್ಡವರಿಗೆ 12ರಿಂದ 20 ಸರಿ. ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಬೇಗ ಗುರುತಿಸಲು ಅಂಕ ಹಾಕುವ, 2012ರಲ್ಲಿ ಬ್ರಿಟನ್ನಿನಲ್ಲಿ ಬಂದ ನ್ಯೂಸ್ (NEWS) ಸ್ಕೋರಿನಲ್ಲಿ ಉಸಿರು 8 ಮತ್ತು ಅದಕ್ಕಿಂತ ಕಡಿಮೆ, 25 ಮತ್ತು ಅದಕ್ಕಿಂತ ಜಾಸ್ತಿ, ಎರಡಕ್ಕೂ 3 ಅಂಕ. ಅದೊಂದೇ ಸಾಕು, ಡಾಕ್ಟರನ್ನು ಕರೆಯಲು.

ಬಿಪಿಯನ್ನೂ ನೆಚ್ಚಿಕೊಂಡು ಕೂರಬೇಡಿ. ಒಳಗೆ ರಕ್ತ ಸೋರುತ್ತಿದ್ದರೂ, ಹೆಚ್ಚುಕಡಿಮೆ 30 ಶೇಕಡಾ ಹೋಗುವ ತನಕ ಮೇಲಿನ ಬಿಪಿ ಬೀಳದೇ ಇರಬಹುದು. ಅದಕ್ಕೂ ಮುಂಚೆ ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು. ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆ ತಗೊಳ್ಳುವವರಲ್ಲಿ ನಾಡಿಯೂ ಓಡದೆ ಮೋಸ ಮಾಡಬಹುದು. ಆ ಮಾತ್ರೆಯ ವಿಷಯ ನಮಗೆ ಹೇಳದೆ ಮುಚ್ಚಿಡುವ ಮನೆಯವರ ಮೇಲೆ ನನಗೆ ವಿಪರೀತ ಕೋಪ.

ಪ್ರಶ್ನೆ: "ಗ್ಯಾಸ್ ಹೋಯ್ತಾ?" ಅಂತ ಎಲ್ಲರ ಮುಂದೆ ಕೇಳ್ತಾರೆ. ನಾಚಿಕೆ ಆಗುತ್ತದೆ.

ಉತ್ತರ: ಕರುಳು ಮತ್ತೆ ಕೆಲಸ ಶುರು ಮಾಡಿತಾ ಅಂತ ಕೇಳುವುದು ಅದು. ಹೋಗಿದ್ದರೆ ಹೋಯ್ತು ಅನ್ನಿ.

ಪ್ರಶ್ನೆ: ಮಂಡಿ ಆಪರೇಷನ್ ಆಗಿ ಹತ್ತು ದಿನ. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದೆ. ಎಣ್ಣೆ ಕಾಯಿಸಿ ತಿಕ್ಕಿಸಬಹುದಾ?

ಉತ್ತರ: ಬೇಡವೇ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಇವತ್ತೇ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹೊಲಿಗೆ ಬೇಗ ಒಣಗಲು ಪಕ್ಕದೂರಿನವರೊಬ್ಬರು ಪುಡಿ ಕೊಟ್ಟಿದ್ದಾರೆ. ಹಾಕಲಾ?

ಉತ್ತರ: ಆ ಪುಡಿಯಲ್ಲಿ ಏನಿದೆ ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಲು ಅವರಿಗೆ ಹೇಳಿ. ಕೊಡುವುದಿಲ್ಲ. ಪುಡಿ ತಿಪ್ಪೆಗೆ ಹಾಕಿ.