ಚಿಮಣಿ ಇದ್ದರೂ ಒಗ್ಗರಣೆ ಘಾಟು ಹೋಗುತ್ತಿಲ್ಲ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಅಡುಗೆಮನೆ 8 ಅಡಿಗೆ 10 ಅಡಿ. ಹೋದ ವರ್ಷ ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುವ ಚಿಮಣಿ ಹಾಕಿಸಿದೆವು. ಆದರೂ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹಾಲ್‌ನಲ್ಲಿ ಕೂತವರೂ ಕೆಮ್ಮುತ್ತಾರೆ. ಸೊಳ್ಳೆ ಕಾಟಕ್ಕೆ ಕಿಟಕಿಗಳನ್ನು ಮುಚ್ಚಿಯೇ ಇಡುತ್ತೇವೆ. ಅಡುಗೆಮನೆಗೆ ಅಂಟಿದ ಯುಟಿಲಿಟಿ ಬಾಲ್ಕನಿಗೆ ಗ್ಲಾಸ್ ಹಾಕಿಸಿದ್ದೇವೆ, ಗ್ಯಾಸ್ ಗೀಸರ್ ಅಲ್ಲೇ ಇದೆ. ಇನ್ನೂ ದೊಡ್ಡ ಚಿಮಣಿ ಬೇಕಾ ಸರ್?

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಸೂರು 9 ಅಡಿ ಎತ್ತರ ಅಂದುಕೊಂಡರೆ ನಿಮ್ಮ ಅಡುಗೆಮನೆಯಲ್ಲಿ ಇರುವುದೇ ಸುಮಾರು 20 ಘನ ಮೀಟರ್ ಗಾಳಿ. ಗಂಟೆಗೆ 15 ಸಲ ಅದನ್ನು ಬದಲಾಯಿಸಲು 300 ಘನ ಮೀಟರ್ ಎಳೆದರೆ ಸಾಕು. ನಿಮ್ಮ ಚಿಮಣಿಯ ಶಕ್ತಿ ಜಾಸ್ತಿಯೇ ಇದೆ. ಅದಕ್ಕೆ ಗಾಳಿ ಸಿಗುತ್ತಿಲ್ಲ, ಅಷ್ಟೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿದ ಮೇಲೆ ಪಾಪ ಅದು ಎಲ್ಲಿಂದ ಎಳೆಯಬೇಕು?

ಒಂದು ಪರೀಕ್ಷೆ ಮಾಡಿ. ಒಲೆ ಆರಿಸಿ, ಚಿಮಣಿ ಹಾಕಿ, ಫಿಲ್ಟರ್ ಕೆಳಗೆ ಊದುಬತ್ತಿ ಹಿಡಿಯಿರಿ. ಆಮೇಲೆ ಹಾಲ್ ಕಿಟಕಿಯನ್ನು ನಾಲ್ಕು ಬೆರಳು ತೆರೆದು ಮತ್ತೆ ನೋಡಿ. ಹೊಗೆ ಈಗ ಸರಸರನೆ ಮೇಲೇರಿದರೆ ಕಾಯಿಲೆ ಗೊತ್ತಾದಂತೆ. ಸೊಳ್ಳೆ ಪರದೆ ಹಾಕಿಸಿ, ಆದರೆ ಅದನ್ನು ಆಗಾಗ ತೊಳೆಯಿರಿ. ಜಿಡ್ಡು, ಧೂಳು ಹಿಡಿದ ಪರದೆಯೂ ಒಂದೇ, ಮುಚ್ಚಿದ ಕಿಟಕಿಯೂ ಒಂದೇ. ಒಲೆ ಪಕ್ಕದ ಕಿಟಕಿ ಮಾತ್ರ ಬೇಡ. ಅಲ್ಲಿಂದ ಬೀಸುವ ಗಾಳಿ ಹೊಗೆಯನ್ನು ಚಿಮಣಿಗೆ ಸೇರುವ ಮೊದಲೇ ಚದುರಿಸುತ್ತದೆ.

ಹಾಗಂತ ಯುಟಿಲಿಟಿ ಬಾಗಿಲು ತೆರೆಯಬೇಡಿ! ಗೀಸರ್ ಉರಿಯುವಾಗ ಚಿಮಣಿ ಹಾಕಿದರೆ ಗೀಸರ್‌ನ ಹೊಗೆ ಹೊರಗೆ ಹೋಗುವ ಬದಲು ಮನೆಯೊಳಗೇ ಬರಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ವಾಸನೆಯೂ ಗೊತ್ತಾಗುವುದಿಲ್ಲ, ಜೀವಕ್ಕೇ ಅಪಾಯ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ಘಾಟಿಗಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಈ ಗ್ಲಾಸ್. ಮೊದಲು ಅದನ್ನು ತೆಗೆಸಿ ಗ್ರಿಲ್ ಮಾತ್ರ ಉಳಿಸಿಕೊಳ್ಳಿ. ಗ್ರಿಲ್ ಇದ್ದರೂ ಗೀಸರ್ ಉರಿಯುವಾಗ ಆ ಬಾಗಿಲು ಮುಚ್ಚಿರಲಿ.

ಇನ್ನು ಪೈಪು. ಚಿಮಣಿಗೆ 6 ಇಂಚಿನ ಬಾಯಿ ಇದ್ದು, ಗೋಡೆಯ ತೂತು ಚಿಕ್ಕದಿದೆ ಅಂತ 4 ಇಂಚಿನ ಪೈಪು ಜೋಡಿಸಿಬಿಡುತ್ತಾರೆ. ಆಗ ಗಾಳಿಯ ದಾರಿ ಅರ್ಧಕ್ಕಿಂತ ಕಡಿಮೆ. ಲಾಫ್ಟ್ ಮೇಲೆ ಹಾವಿನಂತೆ ಸುತ್ತಿ ಬರುವ ಸುಕ್ಕು ಪೈಪಾದರೆ ಇನ್ನೂ ಕಷ್ಟ. ಗಿಡ್ಡವಾಗಿ, ಆದಷ್ಟು ನೆಟ್ಟಗೆ ಹಾಕಿಸಿ. ಪೈಪಿನ ತುದಿ ಯುಟಿಲಿಟಿಯೊಳಗಲ್ಲ, ಹೊರಗೇ ತೆರೆಯಲಿ.

ಒಗ್ಗರಣೆಯನ್ನು ಹಿಂದಿನ ಬರ್ನರ್‌ನಲ್ಲಿ ಹಾಕಿ, ಅದಕ್ಕೆ ಎರಡು ನಿಮಿಷ ಮೊದಲೇ ಚಿಮಣಿ ಹಾಕಿರಿ. ಗ್ಯಾಸ್ ಸೋರಿದ ವಾಸನೆ ಬಂದಾಗ ಮಾತ್ರ ಚಿಮಣಿ ಸ್ವಿಚ್ ಮುಟ್ಟಬೇಡಿ, ಕಿಡಿ ಹಾರಬಹುದು. ಸಿಲಿಂಡರ್‌ನ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿರುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಎಲ್ಲರೂ ಹೊರಗೆ ಬನ್ನಿ.