ಬರಹದ ಪಕ್ಕದಲ್ಲಿ ಮೋಸದ ಜಾಹೀರಾತು

ಪ್ರಶ್ನೆ: ನಾವು ಕೆಲವು ಲೇಖಕರು ಸೇರಿ ಒಂದು ಜಾಲತಾಣ ನಡೆಸುತ್ತಿದ್ದೇವೆ. ಸರ್ವರ್ ಖರ್ಚಿಗಾಗಿ ಗೂಗಲ್ ಆಡ್‌ಸೆನ್ಸ್ (ಗೂಗಲ್ಲೇ ತಾಣಗಳಿಗೆ ಜಾಹೀರಾತು ಒದಗಿಸಿ ದುಡ್ಡು ಕೊಡುವ ಸೇವೆ) ಜಾಹೀರಾತು ಹಾಕಿಕೊಂಡಿದ್ದೇವೆ. ಈಗೀಗ ‘ದಿಢೀರ್ ಶ್ರೀಮಂತರಾಗಿ’, ‘ನಿಮ್ಮ ಹಸ್ತಪ್ರತಿ ಕಳಿಸಿ, ನಾವು ಪ್ರಕಟಿಸುತ್ತೇವೆ’ ಎನ್ನುವಂಥವೇ ಜಾಸ್ತಿ ಬರುತ್ತಿವೆಯಂತೆ. ನಾನು ನೋಡಿದರೆ ಅವು ಕಾಣುವುದೇ ಇಲ್ಲ! ಸದಸ್ಯರೊಬ್ಬರು ಒಂದು ಪ್ರಕಾಶನದ ಜಾಹೀರಾತು ನಂಬಿ ದುಡ್ಡು ಕಟ್ಟಿದ್ದಾರೆ. ಏನು ಮಾಡೋಣ? ಜಾಹೀರಾತನ್ನೇ ನಿಲ್ಲಿಸಿಬಿಡಬೇಕೇ?

ಉತ್ತರ: ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವಳು ನಾನು. ಅಲ್ಲಿ ಪ್ರತಿ ಜಾಹೀರಾತನ್ನೂ ಅಚ್ಚಿಗೆ ಹೋಗುವ ಮೊದಲು ಒಬ್ಬರಾದರೂ ಓದುತ್ತಿದ್ದೆವು. ನಿಮ್ಮಲ್ಲಿ ಯಾರೂ ಓದುತ್ತಿಲ್ಲ. ತೊಂದರೆ ಇರುವುದೇ ಅಲ್ಲಿ.

ನಿಮಗೆ ಕಾಣದ್ದು ನಿಮ್ಮ ಸದಸ್ಯರಿಗೆ ಯಾಕೆ ಕಾಣುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ. ಪುಟ ತೆರೆದುಕೊಳ್ಳುವ ಆ ಕ್ಷಣದಲ್ಲೇ ಜಾಹೀರಾತಿನ ಜಾಗ ಹರಾಜಾಗುತ್ತದೆ. ಪುಟದಲ್ಲಿರುವ ಪದಗಳು, ಓದುವವರು ಹಿಂದೆ ಹುಡುಕಿದ್ದು, ಅವರಿರುವ ಊರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪುಸ್ತಕ ಪ್ರಕಟಿಸುವುದು ಹೇಗೆ ಅಂತ ಹುಡುಕಿದವರಿಗೆ ಪ್ರಕಾಶನದ ಜಾಹೀರಾತೇ ಬೆನ್ನು ಹತ್ತುತ್ತದೆ. ಹಾಗಾಗಿ ‘ನನಗೆ ಕಾಣಲಿಲ್ಲವಲ್ಲ’ ಅಂತ ಯಾವ ಸದಸ್ಯರ ದೂರನ್ನೂ ತಳ್ಳಿಹಾಕಬೇಡಿ. ಸ್ಕ್ರೀನ್‌ಶಾಟ್ ಕಳಿಸಲು ಹೇಳಿ, ಜಾಹೀರಾತಿನಲ್ಲಿ ಜಾಲವಿಳಾಸ ಕಾಣುತ್ತಿದ್ದರೆ ಅದನ್ನೂ ಬರೆದುಕೊಳ್ಳಲಿ. ಪರೀಕ್ಷೆ ಮಾಡೋಣ ಅಂತ ನೀವು ಮಾತ್ರ ನಿಮ್ಮದೇ ತಾಣದ ಜಾಹೀರಾತನ್ನು ಒತ್ತಬೇಡಿ. ಅದು ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು.

ಆಡ್‌ಸೆನ್ಸ್ ಖಾತೆಯಲ್ಲಿ ಜಾಹೀರಾತು ತಡೆಯುವ ವಿಭಾಗ ಒಂದಿದೆ. ದಿಢೀರ್ ಶ್ರೀಮಂತಿಕೆ, ಡೇಟಿಂಗ್, ತೂಕ ಇಳಿಸುವುದು ಇಂಥವನ್ನು ಗುಂಪು ಗುಂಪಾಗಿಯೇ ಮುಚ್ಚಿಬಿಡಬಹುದು. ಇವತ್ತೇ ಮುಚ್ಚಿ. ಆದಾಯ ಸ್ವಲ್ಪ ಇಳಿಯಬಹುದು, ಇಳಿಯಲಿ.

ನನ್ನ ನಿಜವಾದ ಚಿಂತೆ ಎರಡನೆಯ ಜಾತಿಯದ್ದು, ಅಂದರೆ ಹಸ್ತಪ್ರತಿ ಕೇಳುವ ಪ್ರಕಾಶನದ ಜಾಹೀರಾತಿನದ್ದು. ಅಸಭ್ಯ ಚಿತ್ರವಿದ್ದರೆ ಓದುಗರೇ ಮುಖ ತಿರುಗಿಸುತ್ತಾರೆ. ‘ನಿಮ್ಮ ಕವಿತೆ ಆಯ್ಕೆಯಾಗಿದೆ’ ಎನ್ನುವ ಸಾಲಿಗೆ ಯಾರು ಮುಖ ತಿರುಗಿಸುತ್ತಾರೆ? ಆಮೇಲೆ ಸಂಕಲನದ ಪ್ರತಿಯನ್ನು ದುಬಾರಿ ಬೆಲೆಗೆ ಕವಿಯೇ ಕೊಳ್ಳಬೇಕು. ‘ನಾವು ಆರಿಸಿಯೇ ಪ್ರಕಟಿಸುತ್ತೇವೆ’ ಎಂಬ ಒಂದು ಪ್ರಕಾಶನದ ಮಾತನ್ನು ಅಮೆರಿಕದ ಕೆಲವು ವಿಜ್ಞಾನ ಕಥೆಗಾರರು ಪರೀಕ್ಷಿಸಿದ್ದರು. ಬೇಕೆಂದೇ ಕೆಟ್ಟದಾಗಿ ಒಂದು ಕಾದಂಬರಿ ಬರೆದರು. ಅದರಲ್ಲಿ ಒಂದು ಅಧ್ಯಾಯ ಇರಲೇ ಇಲ್ಲ, ಎರಡು ಅಧ್ಯಾಯಗಳು ಅಕ್ಷರಶಃ ಒಂದೇ, ಇನ್ನೊಂದನ್ನು ಕಂಪ್ಯೂಟರ್ ಪ್ರೋಗ್ರಾಂ ಕಲಸಿ ಬರೆದಿತ್ತು. 2004ರ ಡಿಸೆಂಬರ್‌ನಲ್ಲಿ ಆ ಪ್ರಕಾಶನದವರು ಅದನ್ನು ಒಪ್ಪಿಕೊಂಡರು! ಗುಟ್ಟು ಬಯಲಾದ ಮೇಲೆ ಒಪ್ಪಿಗೆ ವಾಪಸು ಪಡೆದರು. ಇಂಥವರ ‘ಆಯ್ಕೆ’ಗೆ ಎಷ್ಟು ಬೆಲೆ ಅಂತ ನಿಮ್ಮ ಸದಸ್ಯರಿಗೆ ಇದನ್ನು ಹೇಳಿ.

ಈ ಬಗೆಯದಕ್ಕೆ ಒಂದೇ ಗುಂಡಿ ಒತ್ತಿ ಮುಚ್ಚುವ ದಾರಿಯಿಲ್ಲ. ಒಳ್ಳೆಯ ಪ್ರಕಾಶಕರೂ ಅದೇ ಗುಂಪಿನಲ್ಲಿರುತ್ತಾರೆ. ಒಂದೊಂದೇ ಜಾಲವಿಳಾಸ ತಡೆಯಬೇಕು. ಅದೇ ಜನ ಬೇರೆ ಹೆಸರಲ್ಲಿ ಮತ್ತೆ ಬರುತ್ತಾರೆ. ಅದಕ್ಕೇ ವಾರಕ್ಕೊಮ್ಮೆ ಒಬ್ಬರು ಖಾತೆಯ ಪರಿಶೀಲನಾ ಪುಟ ತೆರೆದು, ಬಂದ ಜಾಹೀರಾತುಗಳನ್ನು ನೋಡುವ ಹೊಣೆ ಹೊರಲಿ. ತಾಣದ ಜಾಹೀರಾತು ಜಾಗವನ್ನು ಯಾರು ಮಾರಬಹುದು ಎಂದು ಪಟ್ಟಿ ಮಾಡುವ ಆಡ್ಸ್.ಟಿಎಕ್ಸ್‌ಟಿ (ads.txt) ಫೈಲು ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ತಾಣದ ಹೆಸರಲ್ಲಿ ಬೇರೆಯವರು ಜಾಗ ಮಾರದಂತೆ ಅದು ತಡೆಯುತ್ತದೆ, ಕೆಟ್ಟ ಜಾಹೀರಾತನ್ನಲ್ಲ.

ಇನ್ನೊಂದು ಹಿಂಬಾಗಿಲೂ ಇದೆ. ‘ಲೇಖನ ನಾವೇ ಕೊಡುತ್ತೇವೆ, ದುಡ್ಡೂ ಕೊಡುತ್ತೇವೆ, ಒಂದು ಲಿಂಕ್ ಇರಲಿ’ ಅಂತ ಮೇಲ್ ಬರುತ್ತದೆ. ಲಿಂಕ್ ಹಿಡಿದು ಹೋದರೆ ಜೂಜಿನ ತಾಣ. ಬೇಡ ಅನ್ನಿ.

ಪೂರ್ತಿ ನಿಲ್ಲಿಸಬೇಕೇ ಎಂದರೆ, ಸದಸ್ಯರು ಸ್ವಲ್ಪ ಸ್ವಲ್ಪ ಹಾಕಿ ಸರ್ವರ್ ಖರ್ಚು ನಿಭಾಯಿಸುವಂತಿದ್ದರೆ ಖಂಡಿತ ನಿಲ್ಲಿಸಿ. ಇಲ್ಲದಿದ್ದರೆ ನೇರವಾಗಿ ಪಡೆಯುವ ಜಾಹೀರಾತಿಗೆ ಬನ್ನಿ. ಪುಸ್ತಕದಂಗಡಿ, ಬರವಣಿಗೆ ಶಿಬಿರ ನಡೆಸುವವರು ಸಿಗುತ್ತಾರೆ. ಸಂಸ್ಥೆಯ ವಿಳಾಸವೇನು, ಲೇಖಕರಿಂದ ದುಡ್ಡು ಕೇಳುತ್ತೀರಾ, ಸ್ಪರ್ಧೆಯಾದರೆ ತೀರ್ಪುಗಾರರು ಯಾರು, ಕೃತಿಯ ಹಕ್ಕು ಯಾರ ಬಳಿ ಉಳಿಯುತ್ತದೆ ಅಂತ ಕೇಳಿ, ಬರೆದು ಕೊಟ್ಟವರದ್ದನ್ನು ಮಾತ್ರ ಹಾಕಿ. ಮೇಲೆ ‘ಜಾಹೀರಾತು’ ಎಂಬ ಪದ ಎದ್ದು ಕಾಣಲಿ.

ದುಡ್ಡು ಕಟ್ಟಿದ ಸದಸ್ಯರ ವಿಷಯ. ಅವರನ್ನು ಬೈಯಬೇಡಿ, ಅವರು ನಿಮ್ಮ ತಾಣವನ್ನು ನಂಬಿದ್ದರು. ಇನ್ನೊಂದು ಕಂತು ಕಟ್ಟದಂತೆ ಈಗಲೇ ತಡೆಯಿರಿ. ರಸೀದಿ, ಮೇಲ್, ಸಂದೇಶ ಎಲ್ಲ ಉಳಿಸಿಕೊಂಡು ಬ್ಯಾಂಕಿಗೆ ಕೂಡಲೇ ದೂರು ಕೊಡಲಿ. ತಡವಾದಷ್ಟೂ ದುಡ್ಡು ವಾಪಸು ಬರುವುದು ಕಷ್ಟ. ಸಹಿ ಹಾಕಿದ ಕರಾರಿದ್ದರೆ ಬಲ್ಲ ವಕೀಲರಿಗೆ ತೋರಿಸಿ. ಹಕ್ಕನ್ನೂ ಬರೆದುಕೊಟ್ಟಿದ್ದರೆ, ಅದನ್ನು ಬಿಟ್ಟುಕೊಡುತ್ತೇವೆಂದು ಅವರಿಂದ ಲಿಖಿತವಾಗಿ ಪಡೆಯುವವರೆಗೂ ಆ ಹಸ್ತಪ್ರತಿಯನ್ನು ಬೇರೆ ಯಾವ ಪ್ರಕಾಶಕರಿಗೂ ಕಳಿಸದಿರಲಿ.