ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರೆ ಬಿ.ಎ. ಪದವಿ ಸಿಗುತ್ತದೆಯೇ?

ಸಾಮಾನ್ಯವಾಗಿ ಅಲ್ಲಿ ದೊರೆಯುವುದು ಎರಡು ವರ್ಷಗಳ ಅಸೋಸಿಯೇಟ್ ಪದವಿ, ನಾಲ್ಕು ವರ್ಷಗಳ ಬಿ.ಎ.ಯ ಉಳಿದರ್ಧವನ್ನು ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡು ಮುಗಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ, 2010ರ ಕಾನೂನಿನಿಂದ ರೂಪುಗೊಂಡ ವರ್ಗಾವಣೆಯ ಅಸೋಸಿಯೇಟ್ ಪದವಿಯನ್ನು ಇಂಗ್ಲಿಷ್ ವಿಷಯದಲ್ಲಿ 60 ಸೆಮಿಸ್ಟರ್ ಯೂನಿಟ್‌ಗಳೊಂದಿಗೆ (ಕೋರ್ಸುಗಳ ಕ್ರೆಡಿಟ್ ಅಳತೆ) ಪೂರೈಸಿ, ಇತರ ಅರ್ಹತೆಗಳನ್ನೂ ಹೊಂದಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಚಿತ. ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಭರವಸೆ ಮಾತ್ರ ಇಲ್ಲ (ಇದನ್ನು ಹಲವರು ಗಮನಿಸುವುದಿಲ್ಲ). ವಿಮರ್ಶಾತ್ಮಕ ಬರವಣಿಗೆ, ಬ್ರಿಟಿಷ್ ಮತ್ತು ಅಮೆರಿಕನ್ ಸಾಹಿತ್ಯದ ಪರಿಚಯದಂತಹ ಆರಂಭಿಕ ಕೋರ್ಸುಗಳನ್ನು ಎರಡೂ ಸಂಸ್ಥೆಗಳು ಸಮಾನವೆಂದು ಮುಂಚಿತವಾಗಿಯೇ ಒಪ್ಪಿಕೊಂಡಿರುವುದರಿಂದ ಈ ವ್ಯವಸ್ಥೆ ಸಾಧ್ಯವಾಗಿದೆ. ಆದ್ದರಿಂದ ಕೋರ್ಸು ಆಯುವ ಮುನ್ನ, ಯಾವುದು ಎಲ್ಲಿ ಮಾನ್ಯವೆಂದು ತೋರಿಸುವ ಆ ರಾಜ್ಯದ ‘ಅಸಿಸ್ಟ್’ ಜಾಲತಾಣವನ್ನು ಪರಿಶೀಲಿಸುವುದು ಒಳ್ಳೆಯದು.